ಮೂಲಪತ್ರ ಯಾರ ಕೈಯಲ್ಲಿದೆ?

ಕಳೆದ ನವರಾತ್ರಿಗೆ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದಳು. ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿದ ಹುಡುಗಿ. ಈಗ ಗಣಕಯಂತ್ರದ ಉದ್ಯೋಗದಲ್ಲಿದ್ದಾಳೆ. ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ, “ಮಗೂ, ಬೆಳಗಿನಿಂದ ಸಂಜೆಯವರೆಗೆ ನೀನು ಮಾಡುವ ಕೆಲಸವಾದರೂ ಏನು?” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಒಂದು ಗಣಕಭಾಷೆಯಲ್ಲಿ ಹುಟ್ಟಿದ ವಸ್ತುಗಳಿಗೆ ಹೊದಿಕೆ ಹೊಲಿಯುವುದು, ಮಾವ. ಹೊದಿಕೆ ಹಾಕಿದ ಮೇಲೆ ಇನ್ನೊಂದು ಗಣಕಭಾಷೆಯವರು ಅವನ್ನು ತಮ್ಮವೇ ಎಂಬಂತೆ ಬಳಸಬಹುದು” ಎಂದಳು. ನನ್ನ ತಂಗಿ ನಕ್ಕುಬಿಟ್ಟಳು. ನನಗೆ ಮಾತ್ರ ನಗು ಬರಲಿಲ್ಲ. ಸಂಬಳವಿಲ್ಲದೆ ಅದೇ ಕೆಲಸವನ್ನು ನಾನು ಅನೇಕ ವರ್ಷ ಮಾಡಿದವನು.

ಓದುಗ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೯೫೬ರ ನವೆಂಬರ್ ೧ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಹಿರಿಯರ ಪೆಟ್ಟಿಗೆಯಲ್ಲಿದ್ದ ಪತ್ರಗಳೆಲ್ಲ ಕನ್ನಡದವು; ಅವುಗಳನ್ನು ನೋಡಬೇಕಾದ ಅಧಿಕಾರಿಗಳು ಮಲೆಯಾಳ ಬಲ್ಲವರು. ಎರಡೂ ಭಾಷೆ ಕಲಿತ ನಮ್ಮಂತಹ ಎಳೆಯರು ದುಭಾಷಿಗಳಾದೆವು. ಕನ್ನಡದ ಮೂಲಪತ್ರದ ಮೇಲೆ ಮಲೆಯಾಳದ ಒಂದು ಹಾಳೆ ಬರೆದು ಟಾಚಣಿ ಚುಚ್ಚಿ ಒಯ್ಯುತ್ತಿದ್ದೆವು. ನನ್ನ ಸೊಸೆ ಹೇಳುವ ಹೊದಿಕೆಯೂ ಅಂತಹ ಒಂದು ಹಾಳೆಯೇ ಎಂಬುದು ಅವಳ ಮಾತು ಕೇಳುತ್ತ ಹೋದಂತೆ ನನಗೆ ಸ್ಪಷ್ಟವಾಯಿತು.

ಗಣಕಯಂತ್ರಕ್ಕೆ ತಾನಾಗಿ ತಿಳಿಯುವುದು ಸೊನ್ನೆ ಮತ್ತು ಒಂದು ಮಾತ್ರ. ಅದಕ್ಕೆ ಆಜ್ಞೆ ಕೊಡಲು ಮನುಷ್ಯರು ಕಟ್ಟಿಕೊಂಡ ಭಾಷೆಗಳು ಹಲವು. ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಫೋರ್ಟ್ರಾನ್ ೧೯೫೭ರಲ್ಲಿ ಹೊರಬಂದಿತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು ಸಿ ಭಾಷೆಯನ್ನು ನಿರ್ಮಿಸಿದರು. ಅದೇ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರು ೧೯೭೯ರಲ್ಲಿ ಆರಂಭಿಸಿದ ಕೆಲಸ ೧೯೮೩ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಪಡೆಯಿತು. ಇವು ಯಂತ್ರದ ಸ್ವಭಾವಕ್ಕೆ ಹತ್ತಿರವಾದ ಭಾಷೆಗಳು. ಅತ್ಯಂತ ವೇಗದವು, ಆದರೆ ಬರೆಯುವವನಿಂದ ಬಹಳ ಶಿಸ್ತು ಬೇಡುವಂತಹವು. ಆಮ್‌ಸ್ಟರ್‌ಡಾಮಿನ ಗಣಿತ ಸಂಶೋಧನಾ ಕೇಂದ್ರದಲ್ಲಿದ್ದ ಗೀಡೊ ವಾನ್ ರಾಸಮ್ ಅವರು ೧೯೯೧ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಇನ್ನೊಂದು ಬಗೆಯದು. ಓದಲು ಸುಲಭ, ಬರೆಯಲು ಸುಲಭ. ಆದರೆ ಕೋಟಿಗಟ್ಟಲೆ ಲೆಕ್ಕಗಳನ್ನು ಅದೊಂದರಲ್ಲೇ ಮಾಡಹೊರಟರೆ ಬಹು ನಿಧಾನ.

“ಹಾಗಾದರೆ ಹಳೆಯದನ್ನೆಲ್ಲ ಹೊಸ ಭಾಷೆಯಲ್ಲಿ ಮತ್ತೆ ಬರೆದುಬಿಡಬಾರದೇ?” ಎಂದು ನಾನು ಕೇಳಿದೆ. ಇದು ನಮ್ಮ ಮಕ್ಕಳ ಶಾಲೆಯ ವಿಚಾರದಲ್ಲಿಯೂ ಆಗಾಗ ಕೇಳಿಬರುವ ಪ್ರಶ್ನೆ. ಅವಳ ಉತ್ತರ ಹೀಗಿತ್ತು: ೧೯೯೨ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಲಾಪ್ಯಾಕ್ ಎಂಬ ಗಣಿತ ಭಂಡಾರವೊಂದಿದೆ. ಫೋರ್ಟ್ರಾನಿನಲ್ಲಿ ಬರೆದದ್ದು. ನೂರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ವಿಧಾನಗಳು ಅದರಲ್ಲಿವೆ. ದಶಮಾಂಶದ ಕೊನೆಯಲ್ಲಿ ನುಸುಳುವ ಸಣ್ಣ ತಪ್ಪು ಬೆಳೆಯದಂತೆ ಎಲ್ಲಿ ಯಾವ ಎಚ್ಚರ ವಹಿಸಬೇಕು ಎಂಬ ಬಹುಕಾಲದ ಅನುಭವ ಅದರ ಸಾಲುಸಾಲಿನಲ್ಲಿ ಅಡಗಿದೆ. ಮತ್ತೆ ಬರೆದರೆ ಸಾಲುಗಳು ಬಂದಾವು, ಆ ಅನುಭವ ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಮೂಲವನ್ನು ಮುಟ್ಟದೆ, ಅದಕ್ಕೊಂದು ಹೊದಿಕೆ ಹಾಕಿ, ಪೈಥಾನಿನಿಂದ ಅದನ್ನು ಕರೆಯುತ್ತಾರೆ. ಎಸ್ಟೋನಿಯದ ಪೇರು ಪೀಟರ್ಸನ್ ಎಂಬವರು ಫೋರ್ಟ್ರಾನಿಗೆ ಇಂತಹ ಹೊದಿಕೆಯನ್ನು ತಯಾರಿಸುವ ಸಲಕರಣೆಯೊಂದನ್ನು ಮಾಡಿದ್ದಾರೆ. ಅದು ಅನೇಕ ಸೂಕ್ಷ್ಮಗಳನ್ನು ಗಮನಿಸಬೇಕಾಗುತ್ತದೆ. ಒಂದನ್ನು ಹೇಳುವುದಾದರೆ, ಅಂಕಿಗಳ ಕೋಷ್ಟಕವನ್ನು ಸಿ ಭಾಷೆಯವರು ಅಡ್ಡಸಾಲಿನ ಕ್ರಮದಲ್ಲಿ ಜೋಡಿಸಿಡುತ್ತಾರೆ, ಫೋರ್ಟ್ರಾನಿನವರು ಕಂಬಸಾಲಿನ ಕ್ರಮದಲ್ಲಿ. ಹೊದಿಕೆ ಇದನ್ನು ಮರೆತರೆ ಅಂಕಿಗಳೆಲ್ಲ ಸರಿಯಾಗಿದ್ದೂ ಉತ್ತರ ತಪ್ಪಾಗುತ್ತದೆ.

ಹೊದಿಕೆಯನ್ನು ಕೈಯಿಂದ ಹೊಲಿಯುವುದು ಬೇಸರದ ಕೆಲಸ. ಒಂದೊಂದು ವಿಧಾನಕ್ಕೂ ಅದದೇ ಹತ್ತಿಪ್ಪತ್ತು ಸಾಲುಗಳನ್ನು ಮತ್ತೆ ಮತ್ತೆ ಬರೆಯಬೇಕು. ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಸೈದ್ಧಾಂತಿಕ ಭೌತವಿಜ್ಞಾನ ವಿಭಾಗದಲ್ಲಿದ್ದ ಡೇವಿಡ್ ಬೀಜ್ಲಿ ೧೯೯೫ರಲ್ಲಿ ಈ ಬೇಸರಕ್ಕೊಂದು ಪರಿಹಾರ ಹುಡುಕಿದರು. ಅಲ್ಲಿ ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕುವ ಕ್ರಮವಿಧಿಗಳು ಸಿ ಭಾಷೆಯಲ್ಲಿದ್ದವು. ಅವುಗಳನ್ನು ಸುಲಭ ಭಾಷೆಯೊಂದರಿಂದ ನಡೆಸುವುದು ಅವರ ಆಸೆ. ಮೂಲ ಕ್ರಮವಿಧಿಯ ಮುಖಪುಟದಂತಿರುವ ಘೋಷಣೆಗಳನ್ನು, ಅಂದರೆ ಯಾವ ವಿಧಾನದ ಹೆಸರೇನು, ಅದಕ್ಕೆ ಏನು ಕೊಡಬೇಕು, ಅದರಿಂದ ಏನು ದೊರೆಯುತ್ತದೆ ಎಂಬ ಪಟ್ಟಿಯನ್ನು, ಓದಿ ತಾನೇ ಹೊದಿಕೆಯನ್ನು ಬರೆದುಕೊಡುವ ಸಲಕರಣೆಯನ್ನು ಅವರು ನಿರ್ಮಿಸಿ ೧೯೯೬ರಲ್ಲಿ ಎಲ್ಲರ ಬಳಕೆಗೆ ಬಿಟ್ಟರು. ಅದರ ಹೆಸರು ಸ್ವಿಗ್. ಒಂದೇ ಪಟ್ಟಿಯಿಂದ ಪರ್ಲ್, ಪೈಥಾನ್ ಮೊದಲಾದ ಬೇರೆ ಬೇರೆ ಭಾಷೆಗಳಿಗೆ ಹೊದಿಕೆ ಸಿದ್ಧವಾಗುತ್ತಿತ್ತು. ಮುಂದೆ ಸಿ ಪ್ಲಸ್ ಪ್ಲಸ್‌ಗಾಗಿಯೇ ಬೂಸ್ಟ್ ಪೈಥಾನ್ ಬಂದಿತು. ೨೦೧೫ರಲ್ಲಿ ವೆನ್ಜೆಲ್ ಯಾಕೋಬ್ ಅವರು ಆರಂಭಿಸಿದ ಪೈಬೈಂಡ್ ಹನ್ನೊಂದು ಎಂಬುದು ಬಂದಿತು. ನನ್ನ ಸೊಸೆ ಬಳಸುವುದು ಈ ಕೊನೆಯದನ್ನು.

ಇನ್ನು ಹೊದಿಕೆಯ ಒಳಗೆ ಏನಿರುತ್ತದೆ ಎಂಬುದನ್ನು ನೋಡೋಣ. ಗಣಕಭಾಷೆಯಲ್ಲಿ ವಸ್ತು ಎಂದರೆ ಕೆಲವು ಮಾಹಿತಿ ಮತ್ತು ಆ ಮಾಹಿತಿಯ ಮೇಲೆ ಮಾಡಬಹುದಾದ ಕೆಲಸ, ಇವೆರಡನ್ನೂ ಕೂಡಿಸಿ ಕಟ್ಟಿದ ಗಂಟು. ಬ್ಯಾಂಕಿನ ಒಂದು ಖಾತೆಯನ್ನು ಊಹಿಸಿಕೊಳ್ಳಿ: ಶಿಲ್ಕು ಅದರ ಮಾಹಿತಿ, ಕಟ್ಟುವುದು, ತೆಗೆಯುವುದು ಅದರ ಕೆಲಸ. ಸಿ ಪ್ಲಸ್ ಪ್ಲಸ್ ವಸ್ತು ಯಂತ್ರದ ಸ್ಮೃತಿಯಲ್ಲಿ ಒಂದು ಸ್ಥಳದಲ್ಲಿ ಮೌನವಾಗಿ ಕುಳಿತಿರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಹೆಸರಿನ ಚೀಟಿ ಇರುವುದಿಲ್ಲ. ಅದು ಏನೆಂಬುದು ಬರೆದವನಿಗೆ ಮತ್ತು ಭಾಷಾಂತರ ಮಾಡುವ ಕ್ರಮವಿಧಿಗೆ ಗೊತ್ತಿದ್ದರೆ ಸಾಕು. ಪೈಥಾನಿನ ವಸ್ತುವಾದರೋ ಯಾವಾಗಲೂ ಎರಡು ಚೀಟಿ ಹೊತ್ತಿರುತ್ತದೆ: ತಾನು ಯಾವ ಜಾತಿಯ ವಸ್ತು ಎಂಬುದೊಂದು, ತನ್ನನ್ನು ಈಗ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ ಇನ್ನೊಂದು. ಹೊದಿಕೆಯೆಂದರೆ ಈ ಎರಡು ಚೀಟಿಗಳಿರುವ ಒಂದು ಸಣ್ಣ ಪೈಥಾನ್ ವಸ್ತು. ಅದರ ಹೊಟ್ಟೆಯಲ್ಲಿ ಸಿ ಪ್ಲಸ್ ಪ್ಲಸ್ ವಸ್ತುವಿನ ವಿಳಾಸ ಇರುತ್ತದೆ. ಪೈಥಾನಿನವರು ‘ನೂರು ರೂಪಾಯಿ ಕಟ್ಟು’ ಎಂದರೆ, ಹೊದಿಕೆ ಆ ನೂರು ನಿಜವಾಗಿಯೂ ಸಂಖ್ಯೆಯೇ ಎಂದು ಪರೀಕ್ಷಿಸಿ, ಅದನ್ನು ಸಿ ಪ್ಲಸ್ ಪ್ಲಸ್ ಒಪ್ಪುವ ರೂಪಕ್ಕೆ ತಿರುಗಿಸಿ, ವಿಳಾಸ ಹಿಡಿದು ಒಳಗೆ ಹೋಗಿ ಕೆಲಸ ಮಾಡಿಸಿ, ಬಂದ ಉತ್ತರವನ್ನು ಮತ್ತೆ ಪೈಥಾನ್ ರೂಪಕ್ಕೆ ತಂದು ಕೈಗಿಡುತ್ತದೆ.

ಸಂಖ್ಯೆಯಾದರೆ ತೊಂದರೆ ಕಡಿಮೆ. ಮಾತಿಗೆ ಬಂದಾಗ ಕಷ್ಟ. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯುನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಒತ್ತಕ್ಷರವನ್ನು ಬಿಡಿಸಿ ಬರೆಯುವುದರಿಂದ ಅದು ಐದು ಸಂಕೇತಗಳಾಗುತ್ತದೆ: ಕ, ನ, ವಿರಾಮಚಿಹ್ನೆ, ಮತ್ತೆ ನ, ಡ. ಪೈಥಾನನ್ನು ಕೇಳಿದರೆ ಐದು ಎನ್ನುತ್ತದೆ. ಯುಟಿಎಫ್ ಎಂಟು ಎಂಬ ರೂಢಿಯ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಆದುದರಿಂದ ಸಿ ಭಾಷೆಯನ್ನು ಕೇಳಿದರೆ ಹದಿನೈದು ಎನ್ನುತ್ತದೆ. ಮೂವರೂ ಹೇಳುವುದು ಸತ್ಯವೇ. ಇಂಗ್ಲಿಷ್ ಅಕ್ಷರಗಳಿಗೆ ಬೈಟು ಒಂದೇ ಆದುದರಿಂದ, ಅದನ್ನಷ್ಟೇ ಪರೀಕ್ಷಿಸಿ ನೋಡಿದವನಿಗೆ ಈ ಭೇದ ಹೊಳೆಯುವುದೇ ಇಲ್ಲ. ಹತ್ತು ಬೈಟಿಗೆ ಹೆಸರನ್ನು ಕತ್ತರಿಸುವ ಹೊದಿಕೆಯ ಕೈಗೆ ‘ಕನ್ನಡ’ ಸಿಕ್ಕಿದರೆ, ಎರಡನೆಯ ನಕಾರದ ಮೂರು ಬೈಟುಗಳಲ್ಲಿ ಒಂದು ಮಾತ್ರ ಉಳಿದು ಓದಲಾಗದ ಚೂರಾಗುತ್ತದೆ. ನಮ್ಮ ಹೆಸರುಗಳು ಅರ್ಜಿಗಳಲ್ಲಿ ಏಕೆ ಮುರಿದು ಬರುತ್ತವೆಂದು ಬೇಸರಪಟ್ಟವರಿಗೆ ಇದೊಂದು ಕಾರಣ.

ಅಂಕಿ ದಾಟಿದರೂ ಅರ್ಥ ದಾಟದಿರಬಹುದು. ಮಂಗಳ ಗ್ರಹಕ್ಕೆ ಅಮೆರಿಕದವರು ಕಳುಹಿಸಿದ್ದ ಹವಾಮಾನ ನೌಕೆ ೧೯೯೯ರ ಸೆಪ್ಟೆಂಬರ್ ೨೩ರಂದು ನಾಶವಾಯಿತು. ಭೂಮಿಯ ಮೇಲಿನ ಒಂದು ಕ್ರಮವಿಧಿ ನೂಕುಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು. ಅದನ್ನು ಪಡೆದ ಕ್ರಮವಿಧಿ ನ್ಯೂಟನ್ ಮಾನವೆಂದು ತಿಳಿದು ಮುಂದುವರಿಯಿತು. ಒಂದು ಪೌಂಡ್ ಬಲವೆಂದರೆ ಸುಮಾರು ನಾಲ್ಕೂವರೆ ನ್ಯೂಟನ್. ಸಂಖ್ಯೆ ಚೆನ್ನಾಗಿಯೇ ತಲುಪಿತ್ತು. ಅದು ಯಾವ ಅಳತೆಯದೆಂದು ಗಡಿಯಲ್ಲಿ ಯಾರೂ ಕೇಳಲಿಲ್ಲ.

ಕೆಲಸ ಕೆಟ್ಟಾಗ ಏನು ಮಾಡಬೇಕು ಎಂಬುದನ್ನೂ ಹೊದಿಕೆ ತಿಳಿದಿರಬೇಕು. ಖಾತೆಯಲ್ಲಿ ಹಣವಿಲ್ಲದಿದ್ದರೆ ಸಿ ಪ್ಲಸ್ ಪ್ಲಸ್ ತನ್ನ ರೀತಿಯಲ್ಲಿ ಕೂಗುತ್ತದೆ. ಆ ಕೂಗನ್ನು ಗಡಿಯಲ್ಲಿಯೇ ಹಿಡಿದು ಪೈಥಾನಿಗೆ ಅರ್ಥವಾಗುವ ದೂರಾಗಿ ಬದಲಾಯಿಸಬೇಕು. ಹಿಡಿಯದಿದ್ದರೆ ದೂರು ಯಾರಿಗೂ ಮುಟ್ಟದೆ ಇಡೀ ಕ್ರಮವಿಧಿ ಕುಸಿದುಬೀಳುತ್ತದೆ. ಕೆಲವೊಮ್ಮೆ ಪ್ರಯಾಣ ತಿರುಗುಮುರುಗೂ ಆಗುತ್ತದೆ: ಸಿ ಪ್ಲಸ್ ಪ್ಲಸ್ ತಾನೇ ಪೈಥಾನಿನ ವಿಧಾನವೊಂದನ್ನು ಕರೆಯುತ್ತದೆ. ಆಗ ಹೊದಿಕೆಯ ಒಳಮೈಯೂ ಹೊರಮೈಯಷ್ಟೇ ಚೊಕ್ಕಟವಾಗಿರಬೇಕು.

ಆದರೆ ಇವೆಲ್ಲಕ್ಕಿಂತ ಕಠಿನವಾದುದು ಇನ್ನೊಂದುಂಟು. ವಸ್ತು ಯಾರದು? ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ ಜಾಗ ತೆರವು ಮಾಡುವ ಹೊಣೆ ಯಾರ ಮೇಲಿದೆ? ಪೈಥಾನಿನ ಪದ್ಧತಿ ಸರಳ: ಹಿಡಿದವರ ಲೆಕ್ಕ ಸೊನ್ನೆಯಾದ ಕೂಡಲೇ ವಸ್ತುವನ್ನು ಅಳಿಸುವುದು. ಸಿ ಪ್ಲಸ್ ಪ್ಲಸ್‌ನಲ್ಲಿ ಯಾರು ಯಾವಾಗ ಅಳಿಸಬೇಕೆಂಬುದನ್ನು ಬರೆದವನೇ ನಿರ್ಧರಿಸಿರುತ್ತಾನೆ. ಇಬ್ಬರೂ ತಮ್ಮದೆಂದುಕೊಂಡರೆ ಒಂದೇ ವಸ್ತುವನ್ನು ಎರಡು ಸಲ ಅಳಿಸಿ ಅನಾಹುತವಾಗುತ್ತದೆ. ಇಬ್ಬರೂ ತಮ್ಮದಲ್ಲವೆಂದುಕೊಂಡರೆ ಯಾರೂ ಅಳಿಸದೆ ಸ್ಮೃತಿಯೆಲ್ಲ ಕಸ ತುಂಬುತ್ತದೆ. ಮೂರನೆಯ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು: ಮೂಲವಸ್ತು ಅಳಿದುಹೋಗಿದೆ, ಹೊದಿಕೆ ಮಾತ್ರ ಉಳಿದಿದೆ, ಅದರ ಹೊಟ್ಟೆಯಲ್ಲಿ ಹಳೆಯ ವಿಳಾಸ ಹಾಗೆಯೇ ಇದೆ.

ಈ ಮಾತು ಕೇಳಿದಾಗ ನಾನು ಸುಮ್ಮನಾದೆ. ೧೯೭೯ರ ಮಳೆಗಾಲದ ಒಂದು ದಿನ ನೆನಪಾಯಿತು.

ನಮ್ಮ ನೆರೆಮನೆಯಲ್ಲಿ ಒಬ್ಬ ಹಿರಿಯರಿದ್ದರು. ಗಂಡನನ್ನು ಕಳೆದುಕೊಂಡವರು, ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಮನೆಯ ಹಿಂದಿನ ಬಾಳೆತೋಟ ತಮ್ಮ ಪಾಲಿನದೆಂದು ತೋರಿಸಲು ಅವರ ಬಳಿ ಇದ್ದದ್ದು ಮಾವನ ಕಾಲದ ಒಂದು ಕನ್ನಡದ ಪಾಲುಪಟ್ಟಿ ಮಾತ್ರ. ನೋಂದಣಿಯಾಗಿರಲಿಲ್ಲ, ಆದುದರಿಂದ ಬೇರೆಲ್ಲಿಯೂ ಅದರ ಪ್ರತಿಯಿರಲಿಲ್ಲ. ನಾನು ಮಲೆಯಾಳದಲ್ಲಿ ಅದರ ಸಾರಾಂಶ ಬರೆದು, ಕೊನೆಯಲ್ಲಿ ‘ವಿವರಗಳಿಗೆ ಜೊತೆಗಿರುವ ಮೂಲಪತ್ರವನ್ನು ನೋಡುವುದು’ ಎಂದು ಸೇರಿಸಿ, ಎರಡನ್ನೂ ಕೂಡಿಸಿ ಒಂದು ಕಚೇರಿಯಲ್ಲಿ ಕೊಟ್ಟು ಬಂದೆ. ಕೆಲಸ ಮುಗಿಯುವವರೆಗೆ ಮೂಲಪತ್ರವನ್ನು ಅವರು ಕಾಪಾಡುವರೆಂದು ನಾನು ತಿಳಿದೆ. ಸಾರಾಂಶ ಕೊಟ್ಟವನು ಮೂಲಪತ್ರವನ್ನು ಒಯ್ದಿರುವನೆಂದು ಅವರು ತಿಳಿದರು. ಆರು ತಿಂಗಳ ಬಳಿಕ ಕಡತ ತೆರೆದಾಗ ನನ್ನ ಹಾಳೆ ಇತ್ತು, ಅದರಲ್ಲಿ ‘ಜೊತೆಗಿರುವ ಮೂಲಪತ್ರ’ ಎಂಬ ಮಾತಿತ್ತು, ಮೂಲೆಯಲ್ಲಿ ಟಾಚಣಿಯ ತೂತಿತ್ತು. ಪತ್ರವಿರಲಿಲ್ಲ. ಎರಡು ವರ್ಷ ಅಲೆದೆವು. ಬಾಳೆತೋಟ ಕೊನೆಗೂ ದೊಡ್ಡಮ್ಮನ ಹೆಸರಿಗೆ ಬರಲಿಲ್ಲ. ಅವರು ನನ್ನನ್ನು ಒಂದು ದಿನವೂ ದೂರಲಿಲ್ಲ. ಆ ತೋಟದ ಬಾಳೆ ಎಲೆಗಾಗಿ ಅನ್ಯರನ್ನು ಕೇಳಬೇಕಾಗಿ ಬಂದಾಗಲೂ ನನ್ನನ್ನೇ ಕಳುಹಿಸುತ್ತಿದ್ದರು.

ಕತೆ ಕೇಳಿ ನನ್ನ ಸೊಸೆ ಹೇಳಿದಳು: “ಮಾವ, ಇದೇ ತಪ್ಪಿಗಾಗಿ ಕಳೆದ ವರ್ಷ ನಾನು ಒಂಬತ್ತು ದಿನ ಹುಡುಕಿದ್ದೇನೆ.” ಸಿ ಪ್ಲಸ್ ಪ್ಲಸ್‌ನ ಒಂದು ಪಟ್ಟಿಯೊಳಗಿನಿಂದ ಒಂದು ವಸ್ತುವನ್ನು ಪೈಥಾನ್ ಕೇಳಿ ಪಡೆದಿತ್ತು. ಕೆಲಸವಾಯಿತೆಂದು ಪಟ್ಟಿಯನ್ನು ಬಿಟ್ಟುಕೊಟ್ಟಿತು. ಪಟ್ಟಿಯನ್ನು ಹಿಡಿದವರ ಲೆಕ್ಕ ಸೊನ್ನೆಯಾಯಿತು, ಪಟ್ಟಿ ಅಳಿಯಿತು, ಅದರೊಡನೆ ಒಳಗಿದ್ದ ವಸ್ತುವೂ ಅಳಿಯಿತು. ಪೈಥಾನಿನ ಕೈಯಲ್ಲಿ ವಿಳಾಸ ಮಾತ್ರ ಉಳಿಯಿತು. ಅಳಿಸಿದ ಜಾಗಕ್ಕೆ ಹೊಸ ಒಕ್ಕಲು ಕೂಡಲೇ ಬರುವುದಿಲ್ಲವಾದುದರಿಂದ ಮೂರು ಸಲ ಹಳೆಯ ಉತ್ತರವೇ ಸರಿಯಾಗಿ ಬಂದಿತು. ನಾಲ್ಕನೆಯ ಸಲ ಅಲ್ಲಿ ಬೇರೆ ಏನೋ ಬಂದು ಕುಳಿತಿತ್ತು. ಪರಿಹಾರ ಒಂದೇ ಸಾಲಿನದು: ‘ಒಳಗಿನ ವಸ್ತುವನ್ನು ಯಾರಾದರೂ ಹಿಡಿದಿರುವವರೆಗೆ ಪಟ್ಟಿಯನ್ನೂ ಉಳಿಸಿಕೋ’ ಎಂದು ಹೊದಿಕೆಯಲ್ಲಿ ಬರೆಯುವುದು. ಪೈಬೈಂಡ್‌ನಲ್ಲಿ ಇದಕ್ಕೆ ಸಿದ್ಧವಾದ ಒಂದು ಸೂಚನೆಯೇ ಇದೆ. ಸ್ವಿಗ್‌ನ ಹೊದಿಕೆಯಲ್ಲಿಯೂ ‘ಇದು ನನ್ನ ಸ್ವತ್ತೇ ಅಲ್ಲವೇ’ ಎಂಬ ಗುರುತೊಂದು ಪ್ರತಿ ವಸ್ತುವಿನ ಮೇಲೆ ಇರುತ್ತದೆ. “ಗುರುತು ಹಾಕುವುದು ಸುಲಭ. ಹಾಕುವ ಮೊದಲು ಎರಡೂ ಕಡೆಯವರನ್ನು ಕೇಳಬೇಕು, ಅಷ್ಟೆ” ಎಂದಳು. ೧೯೭೯ರಲ್ಲಿ ನಾನು ಕೇಳದೆ ಬಿಟ್ಟದ್ದು ಅದನ್ನೇ.

ದಾಟುವುದಕ್ಕೆ ಖರ್ಚೂ ಉಂಟು. ಒಂದೊಂದು ಸಲ ಕರೆದಾಗಲೂ ಪರೀಕ್ಷೆ, ರೂಪಾಂತರ, ಮರುರೂಪಾಂತರ. ಒಂದೊಂದೇ ಅಡಿಕೆ ಹಿಡಿದು ತಲಪಾಡಿ ದಾಟಿ ಮಂಗಳೂರಿನ ಮಂಡಿಗೆ ಹೋಗುವವರುಂಟೇ? ಗೋಣಿ ತುಂಬಿಸಿಯೇ ಒಯ್ಯುತ್ತೇವೆ. ಟ್ರಾವಿಸ್ ಆಲಿಫಂಟ್ ಅವರು ಕಟ್ಟಿದ, ೨೦೦೬ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ನಮ್‌ಪೈ ಎಂಬ ಭಂಡಾರದ ಗುಟ್ಟು ಇದೇ. ಲಕ್ಷಾಂತರ ಅಂಕಿಗಳನ್ನು ಒಂದೇ ಸಾಲಿನಲ್ಲಿ ಒತ್ತಾಗಿ ಜೋಡಿಸಿ, ಒಂದೇ ಕರೆಯಲ್ಲಿ ಸಿ ಭಾಷೆಯ ವಶಕ್ಕೆ ಕೊಟ್ಟು, ಒಟ್ಟು ಫಲವನ್ನು ಒಮ್ಮೆಗೇ ಮರಳಿ ಪಡೆಯುವುದು. ೨೦೧೯ರ ಏಪ್ರಿಲ್ ೧೦ರಂದು ಜಗತ್ತು ಮೊದಲ ಬಾರಿಗೆ ಕಪ್ಪುಕುಳಿಯೊಂದರ ಚಿತ್ರವನ್ನು ನೋಡಿತಷ್ಟೆ. ಆ ಚಿತ್ರವನ್ನು ರೂಪಿಸಿದ ಲೆಕ್ಕಗಳಲ್ಲಿ ಪೈಥಾನ್ ಮತ್ತು ನಮ್‌ಪೈ ದುಡಿದಿದ್ದವು. ಕಣ್ಣಿಗೆ ಕಂಡದ್ದು ಪೈಥಾನ್; ಅದರ ಹಿಂದೆ ನಿಂತು ಭಾರ ಹೊತ್ತದ್ದು ಹಿರಿಯ ಭಾಷೆಗಳು.

ಮರುದಿನ ಅವಳು ಹೊರಡುವ ಮುನ್ನ ನನ್ನ ತಂಗಿ, ಮೊಮ್ಮಗನನ್ನು ಬೆಂಗಳೂರಿನಲ್ಲಿ ಯಾವ ಮಾಧ್ಯಮದ ಶಾಲೆಗೆ ಸೇರಿಸುವುದೆಂಬ ಮಾತು ತೆಗೆದಳು. ಸೊಸೆ ನೇರ ಉತ್ತರ ಕೊಡಲಿಲ್ಲ. “ನಾನು ಕನ್ನಡದಲ್ಲಿ ಲೆಕ್ಕ ಕಲಿತು, ಮಲೆಯಾಳದಲ್ಲಿ ಪೇಟೆ ತಿರುಗಿ, ಇಂಗ್ಲಿಷಿನಲ್ಲಿ ಕಾಲೇಜು ಮುಗಿಸಿದೆ. ಮೊದಲ ವರ್ಷ ಕಾಲೇಜಿನಲ್ಲಿ ಅತ್ತದ್ದೂ ಉಂಟು, ಅಮ್ಮನಿಗೆ ಗೊತ್ತಿಲ್ಲ. ಆದರೆ ಈಗ ಕೆಲಸದಲ್ಲಿ, ಈ ಮಾತಿಗೆ ಆ ಕಡೆಯವರು ಬೇರೆ ಅರ್ಥ ಮಾಡಿಕೊಂಡಾರು ಎಂಬ ಸಂಶಯ ನನಗೆ ಬೇಗ ಬರುತ್ತದೆ. ಒಂದೇ ಭಾಷೆಯಲ್ಲಿ ಬೆಳೆದ ನನ್ನ ಜೊತೆಗಾರರಿಗೆ ಅದು ತಡವಾಗಿ ಬರುತ್ತದೆ” ಎಂದಳು. ನನ್ನ ತಂಗಿ ಏನೂ ಹೇಳದೆ ಅವಳ ಚೀಲಕ್ಕೆ ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಹುಡುಗನ ಶಾಲೆಯ ತೀರ್ಮಾನ ಈ ಅಂಕಣ ಬರೆಯುವವರೆಗೆ ಆಗಿಲ್ಲ.

ಓದುಗರಲ್ಲಿ ಒಂದು ವಿನಂತಿ. ಗಡಿಯ ಆಚೆಗೂ ಈಚೆಗೂ ಇರುವ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಹಳೆಯ ಕನ್ನಡದ ಪತ್ರಗಳು ಇನ್ನೂ ಉಳಿದಿವೆ. ಈ ಭಾನುವಾರ ಅವುಗಳನ್ನು ಹೊರತೆಗೆಯಿರಿ. ಎರಡೆರಡು ಪ್ರತಿ ಮಾಡಿಸಿರಿ. ಮೂಲಪತ್ರವನ್ನು ಯಾರಿಗಾದರೂ ಕೊಡಬೇಕಾಗಿ ಬಂದರೆ, ಯಾರಿಗೆ, ಯಾವ ದಿನ, ಹಿಂದೆ ಕೊಡುವ ಹೊಣೆ ಯಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿರಿ. ಸಹಿ ಕೇಳಲು ಸಂಕೋಚಪಡಬೇಡಿರಿ; ನಾನು ಸಂಕೋಚಪಟ್ಟಿದ್ದೆ.

ನಿಮ್ಮಲ್ಲಿಯೂ ದುಭಾಷಿಗಳಾಗಿ ದುಡಿದವರಿದ್ದರೆ ನಿಮ್ಮ ಅನುಭವಗಳನ್ನು ಸಂಪಾದಕರ ವಿಳಾಸಕ್ಕೆ ಬರೆದು ಕಳುಹಿಸಿರಿ. ಮುಂದಿನ ತಿಂಗಳು, ಕನ್ನಡದ ಒತ್ತಕ್ಷರಗಳನ್ನು ಗಣಕಯಂತ್ರ ಪರದೆಯ ಮೇಲೆ ಹೇಗೆ ಜೋಡಿಸುತ್ತದೆ ಎಂಬುದನ್ನು ನೋಡೋಣ.